ಸೊಟ್ಟಗೆ ಕೂಡಿದ ಮೂಳೆ

ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕಲು ಇನ್ನೂ ಸಮಯವಿತ್ತು. ಆದರೂ ಹುಡುಗಿ ಈಗಲೇ ಓದು ಶುರುಮಾಡುತ್ತೇನೆ, ಪುಸ್ತಕ ಕೊಡು ಎಂದು ದೊಡ್ಡಪ್ಪನ ಮಗನ ದುಂಬಾಲು ಬಿದ್ದಳು. ಅವನು ಅಲ್ಲೇ ಎರಡನೇ ವರ್ಷ ಓದುತ್ತಿದ್ದ.

"ಮೊದಲು ಸೀಟು ಸಿಗಲಿ ಕಣೇ. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸ್ತಾರಾ?"

"ನಾನು ಬದುಕ್ತಿರೋದೇ ಅಂಥ ಕುಲಾವಿ ಹೊಲಿದು," ಕಿಟಕಿಯ ಬಳಿ ಹೊಲಿಗೆ ಯಂತ್ರ ತುಳಿಯುತ್ತಿದ್ದ ಅತ್ತೆ ನಕ್ಕರು. "ಓದಲಿ ಬಿಡೋ."

ಅಣ್ಣ ಸೋತ. ದಪ್ಪ ಪುಸ್ತಕದ ಜೊತೆಗೆ ಮೂಳೆಗಳ ಪೆಟ್ಟಿಗೆಯನ್ನೂ ತಂದುಕೊಟ್ಟ. ಮನುಷ್ಯರದೇ ಮೂಳೆಗಳು.

ಅತ್ತೆ ಬಟ್ಟೆ ಕತ್ತರಿಸುವ ಮೇಜಿನ ಮೇಲೇ ಅವಳ ಓದು. ಒಂದು ಮಧ್ಯಾಹ್ನ ಬಟ್ಟೆ ಹರಡಲೆಂದು ಮೂಳೆಯೊಂದನ್ನು ಸರಿಸಲು ಹೋದ ಅತ್ತೆ ಹಾಗೇ ನಿಂತುಬಿಟ್ಟರು. ಅವರ ಹೆಬ್ಬೆರಳು ಒಂದು ಗಂಟಿನ ಮೇಲಿತ್ತು.

"ಇದು ಎಡಗೈದಾ?"

"ಹೌದು. ಮುರಿದು ಸೊಟ್ಟಗೆ ಕೂಡಿದೆ. ಹೇಗೆ ಗೊತ್ತಾಯ್ತು ಅತ್ತೆ?"

"ಚಳಿಯಲ್ಲಿ ನೋಯ್ತಿತ್ತು."

ಯಾರಿಗೆ ಎಂದು ಅವಳು ಕೇಳಲಿಲ್ಲ. ಅವಳು ಹುಟ್ಟುವ ಮೊದಲೇ ಕೆಲಸಕ್ಕೆಂದು ಹೋದ ಮಾವ ತಿರುಗಿ ಬಂದಿರಲಿಲ್ಲ. ಸತ್ತರೋ ಇದ್ದಾರೋ, ಸುಳಿವಿಲ್ಲ. ಅವರ ಅಂಗಿಗಳ ಎಡತೋಳನ್ನು ಅತ್ತೆ ಚೂರು ಗಿಡ್ಡ ಹೊಲಿಯುತ್ತಿದ್ದರಂತೆ.

ಮರುದಿನದಿಂದ ಅತ್ತೆಯೇ ಕುರ್ಚಿ ಎಳೆದುಕೊಂಡು ಕೂರತೊಡಗಿದರು. "ಇಲ್ಲಿ ಏನು ಅಂಟಿಕೊಂಡಿತ್ತು? ರಕ್ತ ಎಲ್ಲಿಂದ ಬರ್ತಿತ್ತು? ಬೆರಳು ಮಡಿಸ್ತಿದ್ದುದು ಯಾವ ಸ್ನಾಯು?" ಅವಳು ಪುಸ್ತಕ ನೋಡಿ ಹೇಳುತ್ತಿದ್ದಳು. ಹೇಳಿದಷ್ಟೂ ಮೇಜಿನ ಮೇಲೆ ಕೈಯೊಂದು ತುಂಬಿಕೊಳ್ಳುತ್ತಿದೆ ಅನಿಸಿ, ಪುಟ ತಿರುಗಿಸಲು ಭಯವಾಗುತ್ತಿತ್ತು. ಒಮ್ಮೆ ಅವಳು ನೀರು ಕುಡಿದು ಬರುವಷ್ಟರಲ್ಲಿ ಅತ್ತೆ ಹೊಸದಾಗಿ ಹೊಲಿದ ತೋಳೊಂದರೊಳಗೆ ಆ ಎಡಗೈಯ ಮೂಳೆಗಳನ್ನು ಇಳಿಸಿದ್ದರು. ಅಳತೆ ತೆಗೆದಿರಲಿಲ್ಲ. ಅಂಚಿಗೆ ಸರಿಯಾಗಿ ಮಣಿಕಟ್ಟು ಬಂದಿತ್ತು.

"ಇವತ್ತು ಮುಖ ತೆಗಿ," ಎಂದರು.

ಹುಡುಗಿ ತಲೆಬುರುಡೆ ಎತ್ತಿಕೊಟ್ಟಳು. ಅತ್ತೆ ಅದನ್ನು ಬೆಳಕಿಗೆ ಹಿಡಿದು, ದವಡೆ ಸವರಿ, ಹಲ್ಲುಗಳನ್ನು ಮುಟ್ಟಿ ಮುಟ್ಟಿ ನೋಡಿದರು. ಆಮೇಲೆ ಮೇಜಿನ ಮೇಲಿಟ್ಟರು.

"ಅಲ್ಲ. ಇದ್ಯಾರೋ ಬೇರೆ. ಅವರ ಮುಂದಿನ ಹಲ್ಲು ಒಂದರ ಮೇಲೊಂದು ಹತ್ತಿತ್ತು."

ಅಂದು ಅತ್ತೆ ಹೊಟ್ಟೆ ತುಂಬ ಉಂಡರು. ಹುಡುಗಿಗೂ ಎದೆಯ ಭಾರ ಇಳಿದಂತಾಯಿತು.

ಕೆಲವು ದಿನಗಳ ನಂತರ ಅಣ್ಣ ಪೆಟ್ಟಿಗೆ ಒಯ್ಯಲು ಬಂದ. ಮೂಳೆಗಳನ್ನು ಜೋಡಿಸುತ್ತಾ, "ಬುರುಡೆ ಹೆಂಗಸಿಂದು, ಕೈ ಯಾವನೋ ಗಂಡಸಿಂದು. ಒಂದು ಪೆಟ್ಟಿಗೆ ತುಂಬೋಕೆ ನಾಲ್ಕಾರು ಜನ ಬೇಕು ನೋಡು," ಎಂದ.

ಕಿಟಕಿಯ ಬಳಿ ಯಂತ್ರದ ಸದ್ದು ನಿಂತಿತು.

"ಆ ಗಂಡಸಿನ ಮಿಕ್ಕಿದ್ದೆಲ್ಲ ಎಲ್ಲಿರುತ್ತೆ?" ಅತ್ತೆ ಕೇಳಿದರು.

ಅಣ್ಣ ಪೆಚ್ಚಾದ. "ಯಾರಿಗೆ ಗೊತ್ತು ಅತ್ತೆ? ಇಂಥ ಪೆಟ್ಟಿಗೆ ಓದೋ ಹುಡುಗರ ರೂಮಲ್ಲೆಲ್ಲ ಇರುತ್ತೆ."

ಹುಡುಗಿ ಅರ್ಜಿ ಹಾಕಿದಳು, ಸೀಟೂ ಸಿಕ್ಕಿತು. ಮುಂಚೆ ಓದಿದ್ದು ಉಪಯೋಗಕ್ಕೆ ಬಂತು. ಕೈಯ ಪಾಠವಂತೂ ಅವಳಿಗೆ ನೀರು ಕುಡಿದಷ್ಟು ಸುಲಭ. ಆದರೆ ಗೆಳತಿಯರ ರೂಮಿಗೆ ಓದಲು ಹೊರಟಾಗಲೆಲ್ಲ ಅತ್ತೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿರುತ್ತಾರೆ.

"ನಾನೂ ಬರ್ತೀನಿ ಕಣೇ. ಅವರ ಹತ್ರಾನೂ ಪೆಟ್ಟಿಗೆ ಇರುತ್ತಲ್ಲ?"