ಹತ್ತಡಿ ಅಗಲದ ಮನೆಗಳು

ನಮ್ಮ ಊರಿನ ಮನೆಗಳೆಲ್ಲ ಹತ್ತಡಿ ಅಗಲ, ಒಂದಂಗುಲವೂ ಹೆಚ್ಚಿಲ್ಲ. ರೈಲಿನ ಗೂಡ್ಸ್ ಬಂಡಿಯ ಮೇಲೆ ಅದಕ್ಕಿಂತ ಅಗಲದ್ದು ಕೂರುತ್ತಿರಲಿಲ್ಲ. ಸುತ್ತಲಿನ ಮರ ಮುಗಿದೊಡನೆ ಮಿಲ್ಲಿನವರು ಗರಗಸಗಳನ್ನು ಬಿಚ್ಚಿ, ಮನೆಗಳನ್ನು ಕ್ರೇನಿನಲ್ಲಿ ಎತ್ತಿ ಬಂಡಿಗೇರಿಸಿ, ಹೊಸ ಹಳಿ ಮುಗಿಯುವಲ್ಲಿ ಇಳಿಸುತ್ತಿದ್ದರು. ಕೆಲಸವಿದ್ದವನ ಮನೆ ಹೋಗುತ್ತಿತ್ತು, ಇಲ್ಲದವನದು ಉಳಿಯುತ್ತಿತ್ತು.

ಹಾಗೆ ಊರು ಸಾಗಿದ ಒಂದು ಸಲ ನಾನು ಅಮ್ಮನ ಹೊಟ್ಟೆಯಲ್ಲಿದ್ದೆ. ಅಪ್ಪ ಗರಗಸಕ್ಕೆ ಅರ ಹಾಕುವವನು. ಒಂದು ಹಲ್ಲನ್ನು ಎಡಕ್ಕೆ, ಮುಂದಿನದನ್ನು ಬಲಕ್ಕೆ, ಕೂದಲೆಳೆಯಷ್ಟು ಬಾಗಿಸುವ ಕೆಲಸ. ದಿಮ್ಮಿ ಒಡ್ಡುತ್ತಿದ್ದ ದೊಡ್ಡಪ್ಪನ ಬಲಗೈಯನ್ನು ಮೂರು ತಿಂಗಳ ಹಿಂದೆ ಗರಗಸ ಮಣಿಕಟ್ಟಿನವರೆಗೆ ತಿಂದಿತ್ತು. ಅಣ್ಣತಮ್ಮಂದಿರು ಎರಡು ಮನೆಗಳ ಗೋಡೆ ಕೂಡಿಸಿ, ಬೋಲ್ಟು ಬಿಗಿದು, ನಡುವೆ ಬಾಗಿಲಿಟ್ಟಿದ್ದರು.

ಸಾಗುವ ದಿನ ಬೆಳಿಗ್ಗೆ ಮೇಸ್ತ್ರಿ ಗರಗಸ ಹಿಡಿದು ಬಂದ.

"ನಿಮ್ಮಣ್ಣನ ಕೈ ಹೋಯ್ತು, ಮನೆನೂ ಹೋಯ್ತು ಅಂದ್ಕೋ. ಗೋಡೆ ಕೊಯ್ತೀವಿ, ಸರಿ ಆ ಕಡೆ."

ಅಪ್ಪ ಸರಿಯಲಿಲ್ಲ. ಒಳಗೆ ದೊಡ್ಡಮ್ಮ ಆ ನಡುಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಗರಗಸದ ಹಲ್ಲು ಅವಳ ಭುಜದ ಪಕ್ಕದಲ್ಲೇ ಹಲಗೆ ತೂರಿ ಬಂದಾಗ ಅವಳು ಕಿರುಚಿದಳು. ಅಪ್ಪ ಸುತ್ತಿಗೆಯಿಂದ ಮೇಸ್ತ್ರಿಯ ದವಡೆಗೆ ಹೊಡೆದ. ನಾಲ್ವರು ಅಪ್ಪನನ್ನು ಎಳೆದೊಯ್ದು ಬಲಗೈಯನ್ನು ಹಳಿಯ ಮೇಲೆ ಒತ್ತಿ ಹಿಡಿದರು. ಮೇಸ್ತ್ರಿ ಹಲ್ಲು ಉಗುಳಿ, ಅದೇ ಸುತ್ತಿಗೆ ಎತ್ತಿ, ನಿಧಾನವಾಗಿ ಮೂರು ಸಲ ಹೊಡೆದ. ಜಜ್ಜಿದ್ದು ಎರಡು ಬೆರಳು ಎನ್ನುತ್ತಾಳೆ ಅಮ್ಮ. ಬೆಳೆದ ಮೇಲೆ ನಾನೇ ಎಣಿಸಿದ್ದೇನೆ, ಮೂರು.

ಎರಡೂ ಮನೆಗಳನ್ನು ಬಿಟ್ಟು ರೈಲು ಹೊರಟಿತು. ಕ್ರೇನಿನವನು ಮಾತ್ರ ಒಂದು ಮೂಟೆ ಕಾಳು ಉರುಳಿಸಿ ಹೋದ.

ಹೊಸ ಜಾಗದಲ್ಲಿ ಅರ ಹಾಕಲು ಕೂತವನು ಮೇಸ್ತ್ರಿಯ ಭಾವಮೈದ. ಹಲ್ಲು ಒಂದು ಕಡೆಗೆ ಹೆಚ್ಚು ಬಾಗಿದರೆ ಗರಗಸ ಮರದೊಳಗೆ ಓರೆಯಾಗಿ ಓಡುತ್ತದೆ, ಬಿಸಿಯೇರುತ್ತದೆ, ಕಚ್ಚಿಕೊಳ್ಳುತ್ತದೆ. ಹತ್ತೊಂಬತ್ತನೆಯ ದಿನ ಅದು ಸಿಡಿಯಿತು. ಅಪ್ಪನ ಮೊಣಕೈ ಹಿಡಿದಿದ್ದವನ ಹೊಟ್ಟೆಗೆ ಗೇಣುದ್ದದ ಚೂರು ನುಗ್ಗಿತು. ಅವನು ಸಾಯಲು ಮಧ್ಯಾಹ್ನದವರೆಗೆ ಹಿಡಿಯಿತಂತೆ.

ಮರುದಿನ ಕ್ರೇನು ವಾಪಸು ಬಂತು. ಮೇಸ್ತ್ರಿಯ ದವಡೆಗೆ ಬಟ್ಟೆ ಬಿಗಿದಿತ್ತು, ಮಾತು ಹೊರಡದು. ಅವನ ಪರವಾಗಿ ಕ್ರೇನಿನವನೇ ಅಪ್ಪನನ್ನು ಕರೆದ. ಅಪ್ಪ ಬೆರಳು ತೋರಿಸಿದ. ಅವು ಉಗುರಿನವರೆಗೂ ಕಪ್ಪಾಗಿದ್ದವು.

"ಅರ ಹಿಡಿಯೋದು ಇನ್ನು ಅಣ್ಣ. ನನ್ನ ಕಣ್ಣು, ಅವನ ಕೈ. ಎರಡು ಮನೆಗೂ ಬಂಡಿ ಬೇಕು."

"ಎಡಗೈ ಕಣಪ್ಪ," ಎಂದ ದೊಡ್ಡಪ್ಪ. "ಹೊಸ ಆಳು. ಇಪ್ಪತ್ತು ದಿನದಿಂದ ಕಲೀತಿದೆ."

ಮೇಸ್ತ್ರಿ ಆ ಕಪ್ಪು ಬೆರಳುಗಳನ್ನು ನೋಡಿದ. ಆಮೇಲೆ ಆಗಲೆಂದು ತಲೆಯಾಡಿಸಿದ.

ಬಂಡಿಗೇರಬೇಕಾದರೆ ಮನೆಗಳು ಬೇರೆಯಾಗಲೇಬೇಕಿತ್ತು. ಅಪ್ಪ ಗರಗಸವನ್ನು ಬೇರೆಯವರ ಕೈಗೆ ಕೊಡಲಿಲ್ಲ. ಒಂದು ಹಿಡಿ ಅವನು, ಇನ್ನೊಂದು ದೊಡ್ಡಪ್ಪ, ಇಬ್ಬರೂ ಎಡಗೈಯಲ್ಲೇ. ದೊಡ್ಡಮ್ಮನ ಭುಜದ ಪಕ್ಕ ಶುರುವಾಗಿ ನಿಂತಿದ್ದ ಕೊಯ್ತವನ್ನು ನೆಲದವರೆಗೆ ಇಳಿಸಿದರು. ಹೊಸ ಜಾಗದಲ್ಲಿ ಮನೆ ಇಳಿಸಿದ ಸಂಜೆಯೇ, ಮೇಸ್ತ್ರಿ ನೋಡುತ್ತಿದ್ದಂತೆ, ಆ ಗೋಡೆಗೆ ಮತ್ತೆ ಬೋಲ್ಟು ಬಿಗಿದರು.