ಬಾಗಿಲ ತಗಿ ಕುಷ್ಟಗಿ

ತಾಳ ಹಿಡಿಯಲು ಬಾರದವರು ಹಾಡಿನ ಕಥೆ ಹೇಳಲು ಹೊರಡುವುದು ಉದ್ಧಟತನವೇ. ಅದಕ್ಕೆ ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಕುಷ್ಟಗಿಯ ಹಾಡಿನ ಬಗ್ಗೆ ಇದಕ್ಕಿಂತ ಚೆನ್ನಾಗಿ ಹೇಳುವವರು ಆ ಊರಿನ ಪ್ರತಿ ಚಹಾದಂಗಡಿಯಲ್ಲೂ ಸಿಗುತ್ತಾರೆ. ಆದರೆ ಅವರೆಲ್ಲ ಒಂದು ಸಂಗತಿಯನ್ನು ತಪ್ಪಾಗಿ ಹೇಳುತ್ತಾರೆ. ಈ ಧೈರ್ಯ ಬಂದದ್ದು ಅದರಿಂದ.

"ಅಬ್ಬಾ, ರಚನೆ ಅನ್ನೋ ಕಡೆ ನಿನ್ನ ಹೆಸರ ಬರದೀನಿ. ಸಹಿ ಮಾಡಿಬಿಡು," ಎಂದು ಖುಷ್ಬು ಅರ್ಜಿಯನ್ನು ಚಾಪೆಯ ಮೇಲೆ ಇಟ್ಟಳು.

ಮದುವೆ ಬ್ಯಾಂಡಿನ ಮಾಸ್ತರ ವಾಹೀದ ತನ್ನ ಕ್ಲಾರಿಯೋನೆಟ್ಟನ್ನು ಬಿಚ್ಚಿ, ಒಂದೊಂದು ತುಂಡನ್ನೂ ಹಳೆಯ ಪಂಚೆಯ ಚೂರಿನಿಂದ ಒರೆಸುತ್ತಿದ್ದ. ಕೊಪ್ಪಳ ಜಿಲ್ಲೆಗೆ ಇಪ್ಪತ್ತೈದು ತುಂಬಿತ್ತು. ಜಿಲ್ಲಾ ಮೈದಾನದಲ್ಲಿ ನಡೆಯುವ ಸಮಾರಂಭದಲ್ಲಿ ಒಂದೊಂದು ತಾಲೂಕಿನಿಂದ ಒಂದೊಂದು ಹಾಡು. ಕುಷ್ಟಗಿಯಿಂದ ಯಾವ ಹಾಡು ಎಂದು ಯಾರೂ ಯಾರನ್ನೂ ಕೇಳಿರಲಿಲ್ಲ.

"ನುಡಿಸೋರು ಅನ್ನೋ ಕಡೆ ಬರಿ. ರಚನೆ ಖಾಲಿ ಬಿಡು."

"ಯಾಕ?"

"ಅದು ನಂದಲ್ಲ ಬೇಟಿ."

ಖುಷ್ಬು ನಕ್ಕಳು. ಅಪ್ಪ ಪೆನ್ನು ಮುಟ್ಟದೆ ಕೂತದ್ದನ್ನು ನೋಡಿ ನಗು ನಿಲ್ಲಿಸಿದಳು.

ಹಾಡು ಊರಿಗೆ ಬಂದದ್ದು ತೊಂಬತ್ತೆಂಟರ ಡಿಸೆಂಬರಿನಲ್ಲಿ. ಆ ಕಡೆಯ ಮದುವೆಗಳಲ್ಲಿ ಮದುಮಕ್ಕಳು ಮನೆಗೆ ಬಂದಾಗ ವರನ ಅಕ್ಕತಂಗಿಯರು ಒಳಗಿನಿಂದ ಬಾಗಿಲು ಹಾಕಿಕೊಂಡು ನಿಲ್ಲುತ್ತಾರೆ. ಹೆಸರು ಹೇಳಿಸಿ, ಕಾಡಿಸಿ ಆಮೇಲೆ ತೆಗೆಯುತ್ತಾರೆ. ಅಲ್ಲಿಯವರೆಗೂ ಬ್ಯಾಂಡಿನವರು ಹೊಸ್ತಿಲಾಚೆ ನಿಂತು ಊದಬೇಕು. ಅದಕ್ಕೆಂದೇ ವಾಹೀದನ ಅಪ್ಪ ಬಡೇಸಾಬ ಕಟ್ಟಿದ ಒಂದು ನಿಧಾನ ಧಾಟಿ ಇತ್ತು, ಮಾತಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಕ್ಲಾರಿಯೋನೆಟ್ಟಿನ ಪೆಟ್ಟಿಗೆಯ ಅಸ್ತರಿನ ಕೆಳಗೆ ಒಂದು ಕಾಪಿ ಹಾಳೆ ಸಿಕ್ಕಿತು. ಪೆನ್ಸಿಲಿನಲ್ಲಿ ನಾಲ್ಕು ಸಾಲು:

ಬಾಗಿಲ ತಗಿ ಕುಷ್ಟಗಿ,
ಬಂದೀನಿ ನಾ ತಿರುಗಿ,
ಕಾಲಾಗ ಧೂಳ ಮೆತ್ತೈತಿ,
ಕೈಯಾಗ ಐತಿ ಹಲಗಿ.

ಬಡೇಸಾಬನಿಗೆ ಕನ್ನಡ ಬರೆಯಲು ಬರುತ್ತಿರಲಿಲ್ಲ. ಅಕ್ಷರ ಯಾರದೋ, ಹಲಗಿ ಎಂಬ ತಮಟೆ ಹಿಡಿದು ಊರಿಗೆ ಮರಳಿದ ಯಾರದೋ. ಮಾತು ಧಾಟಿಗೆ ಒಪ್ಪಿತೆಂದು ವಾಹೀದ ಅದನ್ನು ತನ್ನ ಡ್ರಮ್ಮಿನ ಯಮನೂರನಿಗೆ ಕಲಿಸಿದ. ಬಾರಿಸುತ್ತಲೇ ಮೈಕಿನಲ್ಲಿ ಹಾಡುವವನೂ ಅವನೇ.

ಆ ದಿನ ಸಂಜೆ ಮದುವೆಯ ಮೆರವಣಿಗೆ ಬಸ್ ಸ್ಟ್ಯಾಂಡಿನ ಮುಂದೆ ಬಂದಾಗ ಎದುರಿಗೊಂದು ಟೆಂಪೊ ಸಿಕ್ಕಿಹಾಕಿಕೊಂಡಿತು. ಹೊಸ ಜಿಲ್ಲೆಯ ಆಟದ ಕೂಟದಲ್ಲಿ ಖೋಖೋ ಗೆದ್ದು ಬಂದ ಕುಷ್ಟಗಿಯ ಹುಡುಗಿಯರು, ಕೈಯಲ್ಲಿ ಗೆದ್ದ ಕಪ್, ಮೊಣಕಾಲ ತುಂಬ ಮಣ್ಣು. ದಾರಿ ಬಿಡಿ ಎಂದು ಒಂದೇ ಸಮನೆ ಕೂಗುತ್ತಿದ್ದರು.

"ಮಾಸ್ತರ, ಇವರಿಗೂ ಬಾಗಿಲ ತಗೀಬೇಕಾತಲ್ರಿ," ಎಂದ ಯಮನೂರ, ಹೊಸ್ತಿಲ ಹಾಡನ್ನು ಮೊಹರಮ್ಮಿನ ಅಲೈ ಕುಣಿತದ ಬಿರುಸಿನ ಲಯಕ್ಕೆ ಎತ್ತಿಬಿಟ್ಟ. ಅಳುವಂತಿದ್ದ ಧಾಟಿ ಹಾರತೊಡಗಿತು. ಹುಡುಗಿಯರು ಟೆಂಪೊದಿಂದ ಧುಮುಕಿದರು. ಮದುಮಗ ಕುದುರೆ ಇಳಿದು ಬಾಸಿಂಗ ಹಿಡಿದುಕೊಂಡೇ ಕುಣಿದ. ಹೋಟೆಲಿನವರು ಬಟ್ಟಲು ಬಡಿದರು.

ಆಗ ಗೋವಿಂದರಾಜ ಎಂಬ ಖೋಖೋ ಮಾಸ್ತರ ವಾಹೀದನ ಕಿವಿಗೆ ಬಾಯಿ ಹಚ್ಚಿ ಕೂಗಿದ: "ಈ ಹಾಡ ನೀವಾ ಬರದದ್ದೇನ್ರಿ?"

ಬಾಯಲ್ಲಿ ಕ್ಲಾರಿಯೋನೆಟ್ಟು ಇರುವವನು ಬ್ಯಾಂಡನ್ನು ನಡೆಸುವುದು ಕತ್ತಿನಿಂದ. ಒಮ್ಮೆ ಗೋಣು ಹಾಕಿದರೆ ಮತ್ತೆ ಮೊದಲಿನಿಂದ ಎಂದು ಡ್ರಮ್ಮಿನವನಿಗೆ ಅರ್ಥ. ವಾಹೀದ ಅದೇ ಗಳಿಗೆಯಲ್ಲಿ ಗೋಣು ಹಾಕಿದ.

ಮರುದಿನ ಬೆಳಗಾಗುವಷ್ಟರಲ್ಲಿ ಹಾಡು ವಾಹೀದನದಾಗಿತ್ತು. ವರ್ಷ ಕಳೆಯುವಷ್ಟರಲ್ಲಿ ಊರಿನದಾಗಿತ್ತು. ಆಟದ ಬಯಲಿನಲ್ಲಿ, ಕಾಲೇಜಿನ ಗೇಟಿನಲ್ಲಿ, ಟ್ರ್ಯಾಕ್ಟರಿನ ಹಾಡಿನ ಡಬ್ಬಿಯಲ್ಲಿ ಅದೇ. ಕರಾವಳಿಗೆ ದುಡಿಯಲು ಹೋದವರು ಬೆಳಗಿನ ಬಸ್ಸಿನಲ್ಲಿ ಊರಿನ ನೀರಿನ ಟಾಕಿ ಕಂಡ ಕೂಡಲೇ ಸೀಟಿನ ಬೆನ್ನು ಬಡಿದು ಅದನ್ನೇ ಹಾಡಿದರು.

"ನಾ ಐದನೇ ಕ್ಲಾಸಿನಾಗ ಇದ್ದಾಗ ಸಾಲ್ಯಾಗ ಭಾಷಣ ಮಾಡೀನಿ," ಎಂದಳು ಖುಷ್ಬು, ಅಪ್ಪ ಅಸ್ತರಿನ ಕೆಳಗಿನಿಂದ ತೆಗೆದುಕೊಟ್ಟ ಹಳದಿ ಬಿದ್ದ ಹಾಳೆಯನ್ನು ಹಿಡಿದುಕೊಂಡು. "ನಮ್ಮ ಅಬ್ಬಾ ಬರದಾನ ಅಂತ. ಈಗ ನನ್ನ ಕ್ಲಾಸಿನ ಹುಡುಗರಿಗೂ ಹಂಗ ಹೇಳೀನಿ. ಯಾಕ ಒಮ್ಮೆರ ಹೇಳ್ಲಿಲ್ಲ ನೀ?"

"ಮೊದಲನೇ ವಾರದಾಗ ಹೇಳಬೇಕಾಗಿತ್ತು. ಎರಡನೇ ವಾರಕ್ಕ ಜನ ಸಲಾಮ್ ಮಾಡಾಕ ಹತ್ತಿದ್ರು."

ಅವಳು ಹಾಳೆಯನ್ನು ಮಡಚಿ ಅಪ್ಪನ ಕೈಗೆ ಕೊಟ್ಟಳು. ಆಮೇಲೆ ಅರ್ಜಿಯಲ್ಲಿದ್ದ ಅಪ್ಪನ ಹೆಸರಿನ ಮೇಲೆ ಒಂದು ಗೆರೆ ಎಳೆದಳು. ನೇರವಾಗಿ, ಟೀಚರು ಎಳೆಯುವ ಹಾಗೆ.

"ಖಾಲಿ ಬಿಟ್ರ ವೇದಿಕೆ ಮ್ಯಾಲೆ ಓದೋ ಗೋವಿಂದರಾಜ ಸರ್ ಮತ್ತ ನಿನ್ನ ಹೆಸರೇ ತುಂಬತಾರ. ಏನ ಬರೀಲಿ?"

"ಇದ್ದದ್ದನ್ನ ಬರಿ."

ಕೊಪ್ಪಳದ ಮೈದಾನದಲ್ಲಿ ಕುಷ್ಟಗಿಯವರು ಒಂದು ಮೂಲೆಯನ್ನೇ ಹಿಡಿದಿದ್ದರು. ಅಂದಿನ ಖೋಖೋ ಹುಡುಗಿಯರಲ್ಲಿ ಇಬ್ಬರು ತಮ್ಮ ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ವೇದಿಕೆಯ ಹಿಂದೆ ವಾಹೀದ ಊದುವ ತುದಿಯ ರೀಡನ್ನು ನಾಲಿಗೆಯಲ್ಲಿ ನೆನೆಸುತ್ತ, ಯಮನೂರನಿಗೂ ಹೇಳಿಬಿಡೋಣವೆಂದು ಶುರುಮಾಡಿದ.

"ನನಗ ಗೊತ್ತೈತಲ್ರಿ ಮಾಸ್ತರ. ಅವತ್ತು ನೀವು ಗೋಣ ಹಾಕಿದ್ದು ನನಗ, ಅವರಿಗಲ್ಲ."

"ಮತ್ತ ಇಷ್ಟು ವರ್ಷ ನೀನರ ಹೇಳಬೇಕಿಲ್ಲೇನೊ?"

"ನನ್ನ ಯಾರೂ ಕೇಳ್ಲಿಲ್ಲರಿ."

ಗೋವಿಂದರಾಜ ನಿವೃತ್ತನಾಗಿದ್ದ, ಮೈಕು ಬಿಟ್ಟಿರಲಿಲ್ಲ. ಕನ್ನಡಕ ಸರಿಮಾಡಿಕೊಂಡು ಓದಿದ: "ಕುಷ್ಟಗಿ ತಾಲೂಕು. ಧಾಟಿ, ದಿವಂಗತ ಬಡೇಸಾಬ. ನುಡಿಸುವವರು, ವಾಹೀದ ಮತ್ತು ಸಂಗಡಿಗರು. ರಚನೆ..." ಅಲ್ಲಿ ತಡೆದ. ಹಾಳೆಯನ್ನು ಕಣ್ಣಿನ ಹತ್ತಿರ ತಂದು, ವಾಹೀದನತ್ತ ತಿರುಗಿ ನೋಡಿದ. ವಾಹೀದ ಕ್ಲಾರಿಯೋನೆಟ್ಟನ್ನು ಕೆಳಗೆ ಇಳಿಸಿ, ಬರೀ ಬಾಯಿಂದ, ಮೈಕಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದ: "ಓದ್ರಿ ಸರ್. ಖರೇ ಐತಿ ಅದು."

"ರಚನೆ, ಗೊತ್ತಿಲ್ಲ."

ಕುಷ್ಟಗಿಯ ಮೂಲೆಯಿಂದ ಒಂದು ಹೆಣ್ಣುದನಿ ಕೇಳಿತು: "ನಮಗಂತೂ ಬಾಯಿಪಾಠ ಐತಿ. ಶುರು ಮಾಡ್ರಿ."

ನಗು ಅಡಗುವ ಮೊದಲೇ ಯಮನೂರ ಪೆಟ್ಟು ಎತ್ತಿದ. ಎರಡನೆಯ ಸಾಲಿಗೆ ಗಂಗಾವತಿಯವರು ಎದ್ದರು, ಮೂರನೆಯದಕ್ಕೆ ಯಲಬುರ್ಗಾದವರು. ತಮ್ಮದಲ್ಲದ ಊರಿನ ಹೆಸರನ್ನು ಅವರೂ ಗಂಟಲು ಹರಿದು ಕೂಗಿದರು. ಜನರ ಮುಂಚೂಣಿಯಲ್ಲಿ ಖುಷ್ಬು ನಿಂತಿದ್ದಳು. ಅಪ್ಪನ ಹೆಸರಿಲ್ಲದ ಹಾಡನ್ನು ಅಪ್ಪನ ಮುಖ ನೋಡುತ್ತ ಹಾಡುತ್ತಿದ್ದಳು. ಹಾಡು ಮುಗಿಯುತ್ತ ಬಂದಾಗ ವಾಹೀದ ಯಮನೂರನತ್ತ ತಿರುಗಿ ಒಮ್ಮೆ ಗೋಣು ಹಾಕಿದ. ಮತ್ತೆ ಮೊದಲಿನಿಂದ.

ಆ ಕಾಪಿ ಹಾಳೆ ಈಗಲೂ ಪೆಟ್ಟಿಗೆಯ ಅಸ್ತರಿನ ಕೆಳಗೇ ಇದೆ. ನಾಲ್ಕನೆಯ ಸಾಲಿನ ಕೊನೆಯಲ್ಲಿ ಪೆನ್ಸಿಲಿನ ಮೊನೆ ಮುರಿದ ಗುರುತಿದೆ. ಬರೆದವನು ಯಾರು, ಎಲ್ಲಿಂದ ತಿರುಗಿ ಬಂದಿದ್ದ, ಅವನಿಗೆ ಬಾಗಿಲು ಯಾರಾದರೂ ತೆಗೆದರೋ ಇಲ್ಲವೋ, ಗೊತ್ತಿಲ್ಲ.