ಮಗ್ಗುಲು ಬದಲಿಸಿದಾಗ

ಲಾರಿ ಹತ್ತುವ ಮುಂಚೆ ಒಮ್ಮೆ ಒಂದಕ್ಕೆ ಹೋಗಿ ಬರುವುದು ಡ್ರೈವರನಿಗೆ ಹುಟ್ಟುಗುಣವೇ ಆಗಿಹೋಗಿತ್ತು. ಸ್ಕ್ಯಾನಿಂಗ್ ಕೋಣೆಯಿಂದ ಕರೆ ಬಂದದ್ದೇ ತಡ, ಅವನ ಕಾಲು ತಾನಾಗಿ ಶೌಚಾಲಯದ ಕಡೆ ಹೊರಟಿತು. ಹೆಂಡತಿ ಬೆಳಗಿನಿಂದ ಕಾಡಿ ಬೇಡಿ ಕುಡಿಸಿದ ನೀರೆಲ್ಲ ದಂಡವಾಯಿತು.

"ತಡ್ಕೊಂಡು ಬನ್ನಿ ಅಂತ ಹೇಳಿದ್ನಲ್ಲ ಯಜಮಾನ್ರೇ," ಎಂದರು ಡಾಕ್ಟರಮ್ಮ. "ಮೂತ್ರಕೋಶ ಖಾಲಿಯಾದ್ರೆ ಮುದುರ್ಕೊಳ್ಳುತ್ತೆ, ಒಳಗೇನಿದೆ ಅಂತ ಕಾಣಲ್ಲ. ಮತ್ತೆ ನೀರು ಕುಡಿದು ಕೂತಿರಿ."

ಗಂಡನನ್ನು ಬೈಯಲು ಹೆಂಡತಿಗೆ ಬಾಯಿ ಬರಲಿಲ್ಲ. ಸುಳ್ಳೇಕೆ, ಒಳಗೊಳಗೇ ಖುಷಿಯಾಗಿತ್ತು. ಈ ಮಹಾರಾಯ ಹೀಗೆ ಪಕ್ಕದಲ್ಲಿ ಸುಮ್ಮನೆ ಕೂತದ್ದು ಯಾವ ಕಾಲದಲ್ಲಿ? ಬಂದರೆ ಉಂಡು ಮಲಗುತ್ತಿದ್ದ, ಎದ್ದರೆ ಲೋಡು ಕಾದಿರುತ್ತಿತ್ತು. ಮಕ್ಕಳು ಚಿಕ್ಕವರಿದ್ದಾಗ ಅವರಿಗೆ ಅಪ್ಪನ ಮುಖಕ್ಕಿಂತ ಅಪ್ಪನ ಲಾರಿಯ ಹಾರನ್ ಸದ್ದೇ ಚೆನ್ನಾಗಿ ಗೊತ್ತಿತ್ತು. ಮೂತ್ರದಲ್ಲಿ ರಕ್ತ ಕಂಡಿತೆಂದು ಈ ಸಲ ಮನೆಯಲ್ಲಿ ಉಳಿದಿದ್ದ. ಏನೂ ಇಲ್ಲವೆಂದರೆ ಸಂಜೆಯೇ ಹೊರಡುವವನು. ಏನಾದರೂ ಚೂರು ಕಾಣಿಸಲಿ, ಮನೆಯಲ್ಲಿ ಕೂರಿಸುವಷ್ಟು ಮಾತ್ರ ಎಂದು ದಾರಿಯುದ್ದಕ್ಕೂ ಆಸೆಪಟ್ಟಿದ್ದಳು.

ಅವನು ಗುಟುಕು ಗುಟುಕಾಗಿ ನೀರು ಕುಡಿಯುತ್ತ ಅವಳನ್ನೇ ನೋಡಿದ. "ಏನೇ, ನಿನ್ ತಲೆ ಇಷ್ಟು ಬೆಳ್ಳಗಾಗಿದ್ದು ಯಾವಾಗ?"

"ನೀವು ರಸ್ತೆ ನೋಡ್ತಿದ್ದಾಗ."

ಅವನು ನಕ್ಕ. ಅವಳಿಗೂ ನಗು ಬಂತು. ನೀರು ನಿಧಾನವಾಗಿ ಇಳಿಯಲಿ ಎನ್ನಿಸಿತು.

ಎರಡನೇ ಸಲ ಕರೆದಾಗ ಅವನು ತುಟಿ ಕಚ್ಚಿಕೊಂಡು ಮಂಚ ಹತ್ತಿದ. ಡಾಕ್ಟರಮ್ಮ ಕಿಬ್ಬೊಟ್ಟೆಗೆ ತಣ್ಣನೆ ಜೆಲ್ಲಿ ಹಚ್ಚಿ ಯಂತ್ರ ಒತ್ತಿದರು. ಪರದೆಯ ಮೇಲೆ ತುಂಬಿದ ಮೂತ್ರಕೋಶ ಕಪ್ಪಗೆ ಕಂಡಿತು. ಅದರ ಒಳಗೋಡೆಯ ಬಳಿ ಒಂದು ಸಣ್ಣ ಬಿಳಿ ಉಂಡೆ.

"ಹೆಪ್ಪುಗಟ್ಟಿದ ರಕ್ತ ಆಗಿದ್ರೆ ಮಗ್ಗುಲಾದಾಗ ಕೆಳಗೆ ಜಾರುತ್ತೆ. ಗೋಡೆಯಿಂದಲೇ ಬೆಳೆದಿದ್ರೆ ಅಲ್ಲೇ ಇರುತ್ತೆ. ಎಡಕ್ಕೆ ಹೊರಳಿ."

ಅವನು ಹೊರಳಿದ. ಅವಳು ಮಂಚದ ಪಕ್ಕ ನಿಂತು ಖಾಲಿ ಬಾಟಲಿಯನ್ನು ಎದೆಗೆ ಅವುಚಿಕೊಂಡಳು. ಜಾರಲಿ ದೇವರೇ, ಜಾರಿಬಿಡಲಿ. ಇವತ್ತೇ ಹೋಗಲಿ, ಎಷ್ಟು ದೂರ ಬೇಕಾದರೂ ಹೋಗಲಿ, ತಿಂಗಳುಗಟ್ಟಲೆ ಮನೆ ಕಡೆ ತಲೆ ಹಾಕದಿದ್ದರೂ ಸರಿ, ನಾನು ತುಟಿ ಪಿಟಕ್ಕೆನ್ನುವುದಿಲ್ಲ.

ಉಂಡೆ ಅಲುಗಲಿಲ್ಲ. ಡಾಕ್ಟರಮ್ಮ ಬಲಕ್ಕೂ ಹೊರಳಿಸಿ ನೋಡಿದರು.

"ಚಿಕ್ಕದಿದೆ. ಅದೇನು ಅಂತ ಇದರಲ್ಲೇ ಹೇಳೋಕಾಗಲ್ಲ. ಒಳಗೆ ಕ್ಯಾಮೆರಾ ಹಾಕಿ ನೋಡ್ಬೇಕು, ಚೂರು ತೆಗೆದು ಪರೀಕ್ಷೆ ಮಾಡಿಸ್ಬೇಕು. ಅಲ್ಲೀವರೆಗೂ ಲಾರಿ ಬೇಡ."

ಡಾಕ್ಟರಮ್ಮ ಪಕ್ಕದ ಕೋಣೆಗೆ ಹೋದರು. ಅವಳು ಬಟ್ಟೆ ತೆಗೆದುಕೊಂಡು ಗಂಡನ ಹೊಟ್ಟೆಯ ಮೇಲಿನ ಜೆಲ್ಲಿ ಒರೆಸತೊಡಗಿದಳು. ಅವನು ಛಾವಣಿ ನೋಡುತ್ತ ಮೆಲ್ಲಗೆ ಹೇಳಿದ:

"ನೀನೇ ಗೆದ್ದೆ ಕಣೆ. ಇನ್ನು ಮನೇಲೇ ಇರ್ತೀನಿ."

ಈ ಒಂದು ಮಾತಿಗಾಗಿ ಅವಳು ಸಂಸಾರದುದ್ದಕ್ಕೂ ಕಾದಿದ್ದಳು. ಜೆಲ್ಲಿ ಆಗಲೇ ಹೋಗಿತ್ತು. ಅವಳು ಒರೆಸುತ್ತಲೇ ಇದ್ದಳು.